ಹಂಡೆಯ ಕೆಳಗಿನ ವಿಜ್ಞಾನ

(ಮಾಧ್ಯಮಿಕ ಶಾಲಾ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರು ಸೇರಿದ್ದ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಾಂದ್ರತೆ ಮತ್ತು ಉಷ್ಣದ ಕುರಿತು ಮಕ್ಕಳಿಗೆ ತಿಳಿಯುವಂತೆ ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ಪಠ್ಯಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಪಾಠಗಳು. ನಮ್ಮ ಬಚ್ಚಲಿನ ಒಲೆಯಲ್ಲಿ, ಅಡಿಕೆ ಬೇಯಿಸುವ ಹಂಡೆಯಲ್ಲಿ, ಕಾರ್ತಿಕ ಕಳೆದ ಮೇಲೆ ಕಣಿವೆಯನ್ನು ತುಂಬುವ ಮಂಜಿನಲ್ಲಿ ಅವು ಒಂದೇ ಪಾಠ. ಆದುದರಿಂದ ಪ್ರಯೋಗಶಾಲೆಯ ಗಾಜಿನ ಪಾತ್ರೆಗಳನ್ನು ಬದಿಗಿಟ್ಟು, ಮನೆಯಲ್ಲಿರುವ ಪಾತ್ರೆಗಳಿಂದಲೇ ಆರಂಭಿಸುತ್ತೇನೆ. ಹಿರಿಯರು ಬೇಸರಪಡಬಾರದು. ಈ ಪಾಠದ ಕೊನೆಯ ಲೆಕ್ಕ ಸೊಪ್ಪಿನಬೆಟ್ಟದ ಮರಗಳಿಗೆ ಸಂಬಂಧಿಸಿದ್ದು.

ಮೊದಲು ಸಾಂದ್ರತೆ. ಹತ್ತಿ ಹಗುರ, ಕಬ್ಬಿಣ ಭಾರ ಎಂದು ನಾವು ಹೇಳುತ್ತೇವೆ. ಆದರೆ ಒಂದು ಮೂಟೆ ಹತ್ತಿ ಒಂದು ಮೊಳೆಗಿಂತ ಭಾರವಲ್ಲವೇ? ಹೋಲಿಸುವಾಗ ಎರಡರ ಗಾತ್ರವೂ ಸಮನಾಗಿರಬೇಕು. ಒಂದು ಲೀಟರ್ ಹಿಡಿಯುವ ಜಾಗದಲ್ಲಿ ಎಷ್ಟು ಕಿಲೋಗ್ರಾಂ ದ್ರವ್ಯ ಅಡಕವಾಗಿದೆ ಎಂಬುದೇ ಸಾಂದ್ರತೆ. ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುತ್ತದೆ. ಅಷ್ಟೇ ಜಾಗ ತುಂಬುವ ತಾಮ್ರ ಸುಮಾರು ಒಂಬತ್ತು ಕಿಲೋಗ್ರಾಂ. ಮಂಜುಗಡ್ಡೆಯಾದರೋ ಒಂಬೈನೂರ ಹದಿನೇಳು ಗ್ರಾಂ ಮಾತ್ರ. ಅದಕ್ಕೇ ಅದು ನೀರಿನಲ್ಲಿ ತೇಲುತ್ತದೆ, ಶೇಕಡಾ ಎಂಟರಷ್ಟು ಭಾಗವನ್ನು ಮೇಲೆ ತೋರಿಸುತ್ತದೆ.

ಮಂಜುಗಡ್ಡೆ ತೇಲುವುದು ಸಣ್ಣ ಸಂಗತಿಯಲ್ಲ. ಹೆಚ್ಚಿನ ವಸ್ತುಗಳು ತಣ್ಣಗಾದಷ್ಟೂ ಕುಗ್ಗುತ್ತವೆ, ಭಾರವಾಗುತ್ತವೆ. ನೀರು ಮಾತ್ರ 4 ಡಿಗ್ರಿ ಸೆಲ್ಸಿಯಸ್‌ವರೆಗೆ ಕುಗ್ಗಿ, ಅಲ್ಲಿಂದ ಕೆಳಗೆ ತಣಿದರೆ ಮತ್ತೆ ಹಿಗ್ಗುತ್ತದೆ. ಶ್ರೀನಗರದ ದಾಲ್ ಸರೋವರ ಕಡು ಚಳಿಗಾಲದಲ್ಲಿ ಮೇಲ್ಮೈಯಲ್ಲಿ ಹೆಪ್ಪುಗಟ್ಟಿದರೂ ಕೆಳಗೆ ಮೀನು ಬದುಕಿರುವುದು ಈ ಗುಣದಿಂದ. ತಳದಿಂದ ಹೆಪ್ಪುಗಟ್ಟುವಂತಿದ್ದರೆ ಶೀತದೇಶಗಳ ಕೆರೆಗಳಲ್ಲಿ ಜೀವವೇ ಇರುತ್ತಿರಲಿಲ್ಲ.

ನಮ್ಮ ಗದ್ದೆಗೆ ಬರೋಣ. ಬಿತ್ತನೆಯ ಭತ್ತವನ್ನು ನೀರಿಗೆ ಹಾಕಿ ತೇಲಿದ ಜೊಳ್ಳನ್ನು ತೆಗೆಯುವುದು ಎಲ್ಲ ಮನೆಗಳಲ್ಲೂ ಉಂಟು. ಆದರೆ ಅರೆತುಂಬಿದ ಕಾಳು ಬರಿಯ ನೀರಿನಲ್ಲಿ ಮುಳುಗಿಯೇ ಬಿಡುತ್ತದೆ. ಅದನ್ನು ಹಿಡಿಯಬೇಕಾದರೆ ನೀರಿನ ಸಾಂದ್ರತೆಯನ್ನೇ ಹೆಚ್ಚಿಸಬೇಕು. ಹತ್ತು ಲೀಟರ್ ನೀರಿಗೆ ಒಂದೂವರೆ ಕಿಲೋ ಆಸುಪಾಸು ಉಪ್ಪನ್ನು ಕರಗಿಸಿ ಒಂದು ಹೊಸ ಕೋಳಿಮೊಟ್ಟೆಯನ್ನು ಬಿಡಿ. ಮೊಟ್ಟೆ ಮೇಲೆದ್ದು, ನಾಣ್ಯದಗಲ ತಲೆ ತೋರಿಸಿದರೆ ದ್ರಾವಣ ಸರಿಯಾಯಿತು. ಮೊಟ್ಟೆ ಮುಟ್ಟದ ಮನೆಯವರು ಶಾಲೆಯಿಂದ ಸಾಂದ್ರತಾಮಾಪಕ ತಂದು ನೋಡಬಹುದು, ಅದರಲ್ಲಿ 1.1 ಎಂಬ ಗೆರೆಯ ಹತ್ತಿರ ಬಂದರೆ ಸಾಕು. ಈಗ ಭತ್ತ ಹಾಕಿದರೆ ಗಟ್ಟಿ ಕಾಳು ಮಾತ್ರ ತಳಕ್ಕೆ ಹೋಗುತ್ತದೆ. ತೇಲಿದ್ದನ್ನು ತೆಗೆದು, ಮುಳುಗಿದ್ದನ್ನು ಎರಡು ಮೂರು ಸಲ ಶುದ್ಧ ನೀರಿನಲ್ಲಿ ತೊಳೆಯತಕ್ಕದ್ದು, ಉಪ್ಪು ಉಳಿದರೆ ಮೊಳಕೆಗೆ ಕೆಡುಕು. ಒಂದು ಹಿಡಿ ಉಪ್ಪಿಗೆ ಸಸಿಮಡಿಯ ಬಲಾಬಲವನ್ನು ಬದಲಿಸುವ ಶಕ್ತಿ ಇದೆಯೆಂದರೆ ಅದು ಸಾಂದ್ರತೆಯ ಪಾಠ.

ನೀರಿಗಿದ್ದಂತೆ ಗಾಳಿಗೂ ಸಾಂದ್ರತೆ ಉಂಟು. ಸಮುದ್ರಮಟ್ಟದಲ್ಲಿ, 20 ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋಗ್ರಾಂ ತೂಗುತ್ತದೆ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯೊಳಗಿನ ಗಾಳಿ ನಲವತ್ತು ಕಿಲೋಗ್ರಾಂಗೂ ಹೆಚ್ಚು. ಏಳನೆಯ ತರಗತಿಯ ಹುಡುಗನೊಬ್ಬನಷ್ಟು ಭಾರ. ಇದೇ ಗಾಳಿ 100 ಡಿಗ್ರಿಗೆ ಕಾದರೆ ಘನ ಮೀಟರಿಗೆ 0.95 ಕಿಲೋಗ್ರಾಂಗೆ ಇಳಿಯುತ್ತದೆ, 200 ಡಿಗ್ರಿಯಲ್ಲಿ 0.75. ‘ಬಿಸಿಗಾಳಿ ಮೇಲೇರುತ್ತದೆ’ ಎಂದು ಪಠ್ಯದಲ್ಲಿ ಓದುತ್ತೀರಿ. ಅದು ತಾನಾಗಿ ಏರುವುದಿಲ್ಲ. ಸುತ್ತಲಿನ ಭಾರವಾದ ತಣ್ಣನೆಯ ಗಾಳಿ ಕೆಳಗೆ ನುಗ್ಗಿ ಅದನ್ನು ಮೇಲಕ್ಕೆ ದೂಡುತ್ತದೆ. ಮುಳುಗಿಸಿದ ಖಾಲಿ ಕೊಡವನ್ನು ನೀರು ಮೇಲಕ್ಕೆ ಒದೆಯುವ ಹಾಗೆಯೇ ಇದು. ಉಷ್ಣವು ಸಾಂದ್ರತೆಯನ್ನು ಬದಲಿಸುತ್ತದೆ, ಸಾಂದ್ರತೆಯ ವ್ಯತ್ಯಾಸವು ಉಷ್ಣವನ್ನು ಹೊತ್ತು ಸಾಗಿಸುತ್ತದೆ. ಇದಕ್ಕೆ ಉಷ್ಣಸಂವಹನ ಎಂದು ಹೆಸರು.

ಗುಡ್ಡಗಾಡಿನ ನಮಗೆ ಇದರ ಅತಿ ದೊಡ್ಡ ಪ್ರಯೋಗ ಪ್ರತಿ ಚಳಿಗಾಲ ಕಾಣಸಿಗುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಬೆಟ್ಟದ ಮೈ ತನ್ನ ಉಷ್ಣವನ್ನು ವಿಕಿರಣದ ಮೂಲಕ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣಿದು ಭಾರವಾಗಿ, ನೀರಿನಂತೆಯೇ ಇಳಿಜಾರಿನಲ್ಲಿ ಹರಿದು ಕಣಿವೆಯಲ್ಲಿ ನಿಲ್ಲುತ್ತದೆ. ಬೆಳಗಿನ ಜಾವ ಗುಡ್ಡದ ನೆತ್ತಿಯಲ್ಲಿರುವ ಮನೆಗಿಂತ ಹೊಳೆಯ ಬದಿಯ ತೋಟದಲ್ಲಿ ಚಳಿ ಹೆಚ್ಚು. ಎತ್ತರಕ್ಕೆ ಹೋದಷ್ಟೂ ತಂಪು ಎಂಬ ನಿಯಮ ಅಂಥ ಹೊತ್ತಿನಲ್ಲಿ ತಲೆಕೆಳಗು. ನಂಬದವರು ಬೆಳಗ್ಗೆ ಒಲೆ ಹಚ್ಚಿದ ಮನೆಯ ಹೊಗೆಯನ್ನು ನೋಡಿ. ನೇರ ಮೇಲೇರಬೇಕಾದ ಹೊಗೆ ಸ್ವಲ್ಪ ಎತ್ತರದಲ್ಲಿ ಚಪ್ಪಡಿಯಂತೆ ಹರಡಿ ನಿಲ್ಲುತ್ತದೆ. ಮೇಲಿನ ಗಾಳಿ ಕೆಳಗಿನದಕ್ಕಿಂತ ಬೆಚ್ಚಗೆ, ಹಗುರ, ಆದ್ದರಿಂದ ಹೊಗೆಗೆ ಮುಂದೆ ದಾರಿಯಿಲ್ಲ. ಸೂರ್ಯ ಏರಿ ನೆಲ ಕಾದ ಮೇಲೆಯೇ ಮಂಜೂ ಹೊಗೆಯೂ ಚೆದುರುವುದು. ನೀಲಗಿರಿಯ ತಗ್ಗುಗಳಲ್ಲಿ ಚಹಾ ಗಿಡಗಳು ಇಬ್ಬನಿ ಹೆಪ್ಪುಗಟ್ಟಿ ಸುಡುವುದೂ, ಅದೇ ಗುಡ್ಡದ ಮೇಲ್ಭಾಗದ ಗಿಡಗಳು ಪಾರಾಗುವುದೂ ಇದರಿಂದಲೇ.

ಇನ್ನು ಉಷ್ಣ. ಉಷ್ಣವೂ ಉಷ್ಣತೆಯೂ ಒಂದೇ ಅಲ್ಲ. ಒಲೆಯಿಂದ ಸಿಡಿದ ಕಿಡಿಯೊಂದರ ಉಷ್ಣತೆ ಹಲವು ನೂರು ಡಿಗ್ರಿ. ಕೈಮೇಲೆ ಬಿದ್ದರೆ ಚುರುಕ್ಕೆಂದು ಆರಿಹೋಗುತ್ತದೆ. ಕುದಿಯುವ ಹಂಡೆಯ ಉಷ್ಣತೆ 100 ಡಿಗ್ರಿ ದಾಟುವುದಿಲ್ಲ, ಆದರೆ ಅದು ಮೈಮೇಲೆ ಬಿದ್ದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಉಷ್ಣತೆ ಎಂದರೆ ಕಣಗಳ ಚಲನೆಯ ಬಿರುಸು. ಉಷ್ಣ ಎಂದರೆ ಬಿಸಿ ವಸ್ತುವಿನಿಂದ ತಣ್ಣನೆಯದಕ್ಕೆ ಹರಿಯುವ ಶಕ್ತಿ. ಕಿಡಿಯಲ್ಲಿ ಬಿರುಸು ಇದೆ, ದಾಸ್ತಾನಿಲ್ಲ.

ಉಷ್ಣವನ್ನು ಒಂದು ಬಗೆಯ ಸೂಕ್ಷ್ಮ ದ್ರವವೆಂದು ಯೂರೋಪಿನ ವಿದ್ವಾಂಸರು ಬಹುಕಾಲ ಭಾವಿಸಿದ್ದರು. ಮ್ಯೂನಿಕ್ ನಗರದಲ್ಲಿ ಫಿರಂಗಿಯ ನಳಿಕೆ ಕೊರೆಯುವುದನ್ನು ನೋಡುತ್ತಿದ್ದ ಕೌಂಟ್ ರಮ್‌ಫರ್ಡ್ ಎಂಬಾತ, ಉಜ್ಜುತ್ತಿರುವಷ್ಟು ಕಾಲವೂ ಉಷ್ಣ ಬರುತ್ತಲೇ ಇದೆ, ಆದ್ದರಿಂದ ಅದು ಮುಗಿದುಹೋಗುವ ದ್ರವ ಆಗಿರಲಾರದು, ಚಲನೆಯೇ ಆಗಿರಬೇಕು ಎಂದು 1798ರಲ್ಲಿ ವಾದಿಸಿದನು. ಪಠ್ಯಪುಸ್ತಕಗಳು ಇಷ್ಟಕ್ಕೆ ನಿಲ್ಲುತ್ತವೆ. ಆದರೆ ಈತ ಒಲೆಗಳನ್ನೂ ಸುಧಾರಿಸಿದವನು. ತೆರೆದ ಬೆಂಕಿಯಲ್ಲಿ ಸೌದೆಯ ಬಹುಪಾಲು ವ್ಯರ್ಥವಾಗುವುದನ್ನು ಕಂಡು, ಬೆಂಕಿಯನ್ನು ಇಟ್ಟಿಗೆಯಿಂದ ಸುತ್ತುವರಿದ ಒಲೆಗಳನ್ನು ಬಡವರ ಗಂಜಿಕೇಂದ್ರಗಳಿಗಾಗಿ ಕಟ್ಟಿಸಿದನು. ಉಷ್ಣದ ಸ್ವರೂಪವನ್ನು ಕಂಡವನಿಗೇ ಒಲೆಯ ದೋಷವೂ ಕಂಡಿತು. ಒಲೆ ಹೆಂಗಸರ ಪಾಲಿಗೆ, ವಿಜ್ಞಾನ ಗಂಡಸರ ಪಾಲಿಗೆ ಎಂದು ಹಂಚಿಕೊಂಡಿರುವ ನಮ್ಮಲ್ಲಿ ಇಂಥದ್ದು ಸುಲಭವಲ್ಲ.

ಈಗ ಹಂಡೆಯ ಮುಂದೆ ಕುಳಿತುಕೊಳ್ಳೋಣ. ಬೆಂಕಿಯಿಂದ ನೀರಿಗೆ ಉಷ್ಣ ಹೇಗೆ ತಲುಪುತ್ತದೆ? ಕೆಂಡ ಮತ್ತು ಜ್ವಾಲೆಯಿಂದ ಬೆಳಕಿನಂತೆ ನೇರವಾಗಿ ಹಂಡೆಯ ತಳಕ್ಕೆ ಬೀಳುವುದು ವಿಕಿರಣ. ಒಲೆಯ ಮುಂದೆ ಕುಳಿತವರ ಮುಖ ಬಿಸಿಯಾಗಿ ಬೆನ್ನು ತಣ್ಣಗಿರುವುದು ಅದರಿಂದ. ಬಿಸಿ ಅನಿಲಗಳು ಹಂಡೆಯ ಮೈಯನ್ನು ಸವರುತ್ತ ಹೋಗಿ ಉಷ್ಣ ಕೊಡುವುದು ಸಂವಹನ. ಹೀಗೆ ಹೊರಮೈಗೆ ಬಂದ ಉಷ್ಣ ಲೋಹದ ದಪ್ಪವನ್ನು ದಾಟಿ ಒಳಬರುವುದು ವಹನ. ಒಳಗೆ ತಳದ ನೀರು ಕಾದು ಹಗುರಾಗಿ, ಮೇಲಿನ ತಣ್ಣೀರು ಕೆಳಗಿಳಿದು, ಮತ್ತೆ ಸಂವಹನ. ಹಂಡೆಯ ಬಾಯಿಯ ಹತ್ತಿರ ಬೆಂಕಿ ಹಾಕಿದರೆ ಮೇಲಿನ ನೀರು ಮಾತ್ರ ಕಾದು ತಳ ತಣ್ಣಗೇ ಉಳಿಯುತ್ತದೆ. ನೀರು ತಾನಾಗಿ ಒಳ್ಳೆಯ ವಾಹಕವಲ್ಲ.

ತಾಮ್ರದ ಹಂಡೆಯಾದರೆ ಸೌದೆ ಕಡಿಮೆ ಸಾಕು ಎಂಬ ಮಾತು ನಮ್ಮಲ್ಲಿದೆ. ತಾಮ್ರ ಗಾಳಿಗಿಂತ ಸುಮಾರು ಹದಿನೈದು ಸಾವಿರ ಪಟ್ಟು ಉತ್ತಮ ವಾಹಕ, ಕಬ್ಬಿಣಕ್ಕಿಂತ ಐದು ಪಟ್ಟು ಮೇಲು, ನಿಜ. ಆದರೆ ಉಷ್ಣದ ದಾರಿಗೆ ಅಡ್ಡ ನಿಂತಿರುವುದು ಲೋಹ ಅಲ್ಲ. ಹಂಡೆಯ ಹೊರಮೈಗೆ ಅಂಟಿಕೊಂಡು ಕದಲದೆ ನಿಂತಿರುವ ತೆಳುವಾದ ಅನಿಲದ ಪದರವೇ ದೊಡ್ಡ ಗೋಡೆ. ಗಾಳಿ ಮಹಾ ಅವಾಹಕ. ಸೋಗೆಯ ಮಾಡು ತಂಪಾಗಿರುವುದೂ, ಕಂಬಳಿ ಬೆಚ್ಚಗಿರುವುದೂ ಅವುಗಳ ಸಂದಿಗಳಲ್ಲಿ ಸಿಕ್ಕಿಕೊಂಡ ಗಾಳಿಯಿಂದ. ಅಲ್ಲಿ ಉಪಕಾರಿಯಾದ ಗಾಳಿ ಹಂಡೆಯಲ್ಲಿ ಅಪಕಾರಿ. ಹಂಡೆಯ ಲೋಹ ಬದಲಿಸಿದರೆ ಈ ಗೋಡೆ ಬೀಳದು. ಬಿಸಿ ಅನಿಲ ಹಂಡೆಯ ಮೈಗೆ ತಿಕ್ಕುತ್ತ ವೇಗವಾಗಿ ಹಾಯುವಂತೆ ಮಾಡಬೇಕು, ಅಂದರೆ ಹಂಡೆಗೂ ಒಲೆಯ ಗೋಡೆಗೂ ನಡುವೆ ಒಂದೆರಡು ಬೆರಳಿನ ಸಂದು ಮಾತ್ರ ಬಿಡಬೇಕು. ನಮ್ಮ ಹಳೆಯ ಒಲೆಗಳಲ್ಲಿ ಒಂದು ಗೇಣು ಸಂದು ಇರುತ್ತದೆ. ಬೆಂಕಿ ಹಂಡೆಯನ್ನು ಮುಟ್ಟದೆ ಪಕ್ಕದಿಂದ ಹಾದುಹೋಗಿ ಮಾಡನ್ನು ಕಾಯಿಸುತ್ತದೆ.

ಮಸಿಯ ವಿಷಯವನ್ನೂ ಹೇಳಿಬಿಡುತ್ತೇನೆ. ತೆಳುವಾದ ಕಪ್ಪು ಲೇಪದಿಂದ ಹಾನಿಯಿಲ್ಲ, ಕಪ್ಪು ಮೈ ವಿಕಿರಣವನ್ನು ಚೆನ್ನಾಗಿಯೇ ಹೀರುತ್ತದೆ. ಪದರ ಪದರವಾಗಿ ಕಟ್ಟಿದ ದಪ್ಪ ಮಸಿ ಮಾತ್ರ ಕಂಬಳಿಯಂತೆ. ಅದನ್ನು ಕೆರೆದು ತೆಗೆಯಬೇಕು, ಹಂಡೆಯ ಹೊರಮೈಯನ್ನು ಹೊಳೆಯುವಂತೆ ಹುಣಿಸೆಹಣ್ಣಿನಿಂದ ತಿಕ್ಕಿ ಕೈ ನೋಯಿಸಿಕೊಳ್ಳುವ ಅಗತ್ಯವಿಲ್ಲ. ತಾಯಂದಿರು ನಗುತ್ತಿದ್ದೀರಿ. ಮನೆಯ ಹಿರಿಯರಿಗೆ ಇದನ್ನು ನಾನು ಹೇಳಿದೆನೆಂದೇ ತಿಳಿಸಿ.

ಲೆಕ್ಕಕ್ಕೆ ಬರೋಣ. ವಿದ್ಯಾರ್ಥಿಗಳು ಬರೆದುಕೊಳ್ಳಿ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲೊರಿ ಉಷ್ಣ ಬೇಕು. ನೂರು ಲೀಟರ್ ನೀರನ್ನು 20ರಿಂದ 100 ಡಿಗ್ರಿಗೆ ತರಲು ನೂರು ಗುಣಿಸು ಎಂಬತ್ತು, ಎಂಟು ಸಾವಿರ ಕಿಲೋಕ್ಯಾಲೊರಿ. ಚೆನ್ನಾಗಿ ಒಣಗಿದ ಸೌದೆ ಕಿಲೋಗ್ರಾಮಿಗೆ ಸುಮಾರು ನಾಲ್ಕು ಸಾವಿರ ಕಿಲೋಕ್ಯಾಲೊರಿ ಕೊಡುತ್ತದೆ. ಅಂದರೆ ಒಂದಿಷ್ಟೂ ಪೋಲಾಗದಿದ್ದರೆ ಎರಡೇ ಕಿಲೋ ಸೌದೆ ಸಾಕು. ಎರಡು ಕಿಲೋ ಎಂದರೆ ಒಂದು ತೋಳಿನ ಕೊರಡು. ಯಾವ ಮನೆಯಲ್ಲಾದರೂ ಅಷ್ಟರಲ್ಲಿ ಆಗುತ್ತದೆಯೇ? ತೆರೆದ ಒಲೆಯಲ್ಲಿ ಸೌದೆಯ ಉಷ್ಣದಲ್ಲಿ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಪಾತ್ರೆಗೆ ಸೇರುವುದು ಸಾಮಾನ್ಯ. ಆಗ ಇಪ್ಪತ್ತು ಕಿಲೋ ಬೇಕು. ಆ ಪಾಲನ್ನು ನಲವತ್ತು ಶೇಕಡಾಕ್ಕೆ ಏರಿಸಿದರೆ ಐದು ಕಿಲೋ. ಒಂದು ಹಂಡೆಗೆ ಹದಿನೈದು ಕಿಲೋ ಸೌದೆಯ ವ್ಯತ್ಯಾಸ. ಸುಗ್ಗಿಯಲ್ಲಿ ಎಷ್ಟು ದಿನ, ದಿನಕ್ಕೆ ಎಷ್ಟು ಹಂಡೆ ಎಂದು ನಿಮ್ಮ ನಿಮ್ಮ ಮನೆಯ ಅಂಕಿಯಿಂದ ಗುಣಿಸಿಕೊಳ್ಳಿ.

ನಲವತ್ತು ಶೇಕಡಾ ಎಂಬುದು ಕಲ್ಪನೆಯ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ರೂಪಿಸಿದ ಅಸ್ತ್ರ ಒಲೆ, ಪ್ರಯೋಗಾಲಯದಲ್ಲಿ ಅಷ್ಟು ದಕ್ಷತೆಯನ್ನು ತೋರಿಸಿತು. ಅದರಲ್ಲಿ ಮಾಯಾಮಂತ್ರವಿಲ್ಲ. ಕೆಳಗಿನಿಂದ ಗಾಳಿ ಬರಲು ಒಂದು ಜಾಲರಿ, ಬೆಂಕಿಯನ್ನು ಸುತ್ತುವರಿದ ಗೋಡೆ, ಪಾತ್ರೆ ಸರಿಯಾಗಿ ಕೂರುವ ಬಾಯಿ, ಹೊಗೆ ಹೋಗಲು ಕೊಳವೆ. ಅಳತೆ ತಪ್ಪಿಸಿ ಕಟ್ಟಿದ ಕಡೆ ಅದೂ ಸೋತಿದೆ. ಒಲೆ ಕಟ್ಟುವವರಿಗೆ ಅಳತೆಯೇ ಮುಖ್ಯ, ಮಣ್ಣು ಯಾವುದಾದರೂ ನಡೆಯುತ್ತದೆ.

ಹೊಗೆಕೊಳವೆ ಎಳೆಯುವುದೂ ಸಾಂದ್ರತೆಯಿಂದಲೇ. ಕೊಳವೆಯೊಳಗಿನ ಬಿಸಿ ಅನಿಲದ ಕಂಬ ಹಗುರ, ಹೊರಗೆ ಅಷ್ಟೇ ಎತ್ತರದ ಗಾಳಿಯ ಕಂಬ ಭಾರ. ತಕ್ಕಡಿಯ ಎರಡು ತಟ್ಟೆಗಳಂತೆ ಭಾರದ್ದು ಒಲೆಯ ಬಾಯಿಂದ ಒಳನುಗ್ಗಿ ಹಗುರವಾದದ್ದನ್ನು ಮೇಲಕ್ಕೆತ್ತುತ್ತದೆ. ಕೊಳವೆ ಎತ್ತರವಾದಷ್ಟೂ ಸೆಳೆತ ಹೆಚ್ಚು. ಹಾಗೆಂದು ಅತಿ ಎತ್ತರ ಮಾಡಿದರೆ ಉಷ್ಣವೂ ಅದರೊಂದಿಗೆ ಹಾರಿಹೋಗುತ್ತದೆ. ಆದುದರಿಂದ ಕೊಳವೆಯಲ್ಲಿ ಅಡ್ಡ ತಗಡೊಂದನ್ನಿಟ್ಟು, ಬೆಂಕಿ ಹತ್ತಿದ ಮೇಲೆ ಅರ್ಧ ಮುಚ್ಚಬೇಕು. ಹೊಗೆ ಹೊರಗೆ ಹೋಯಿತೆಂದರೆ ಸೌದೆ ಉಳಿಯದಿದ್ದರೂ ಕಣ್ಣು, ಶ್ವಾಸಕೋಶ ಉಳಿದಾವು, ಅದೊಂದೇ ಕಾರಣ ಸಾಕು.

ಉಷ್ಣ ಕೊಟ್ಟರೂ ಉಷ್ಣತೆ ಏರದ ಸಂದರ್ಭವೊಂದಿದೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಆರುನೂರು ಮೀಟರ್ ಎತ್ತರದ ಊರಿನಲ್ಲಿ 98ರ ಹತ್ತಿರ. ಕುದಿ ಬಂದ ಮೇಲೆ ಎಷ್ಟೇ ಉರಿ ಹಾಕಿದರೂ ಉಷ್ಣತೆ ಅಲ್ಲಿಯೇ ನಿಲ್ಲುತ್ತದೆ. ಹೆಚ್ಚಿನ ಉಷ್ಣವೆಲ್ಲ ನೀರನ್ನು ಆವಿಯಾಗಿಸಲು ವೆಚ್ಚವಾಗುತ್ತದೆ. ಇದಕ್ಕೆ ಗುಪ್ತೋಷ್ಣ ಎನ್ನುತ್ತಾರೆ, ಕಿಲೋಗ್ರಾಂ ನೀರಿಗೆ 540 ಕಿಲೋಕ್ಯಾಲೊರಿ. ಚೊಗರು ಕೊತಕೊತ ಕುದಿಯುವಾಗ ಅಡಿಕೆ ಬೇಗ ಬೇಯುತ್ತದೆಂದು ನಾವು ಸೌದೆ ತುರುಕುತ್ತೇವೆ. ಸಣ್ಣಗೆ ಕುದಿಯುತ್ತಿರುವ ಚೊಗರಿಗೂ ಅಬ್ಬರಿಸುವ ಚೊಗರಿಗೂ ಉಷ್ಣತೆ ಒಂದೇ, ಬೇಯುವ ಹೊತ್ತೂ ಒಂದೇ. ನೂರು ಲೀಟರಿನಲ್ಲಿ ಹತ್ತು ಲೀಟರ್ ಹೀಗೆ ಆವಿಯಾಗಿ ಹೋದರೆ 5400 ಕಿಲೋಕ್ಯಾಲೊರಿ ಹೋಯಿತು. ಇಡೀ ಹಂಡೆಯನ್ನು ತಣ್ಣಗಿನಿಂದ ಕುದಿಗೆ ತರಲು ಬೇಕಾದುದರ ಮೂರನೆಯ ಎರಡು ಪಾಲು! ಕುದಿ ಬಂದೊಡನೆ ಎರಡು ಕೊಳ್ಳಿ ಹಿಂದಕ್ಕೆಳೆದು, ಹಂಡೆಗೆ ಒಂದು ಮುಚ್ಚಳ ಹಾಕುವುದಕ್ಕೆ ಯಾವ ಯೋಜನೆಯ ಸಹಾಯಧನವೂ ಬೇಕಾಗಿಲ್ಲ.

ಇದೇ ಗುಪ್ತೋಷ್ಣ ಹಸಿ ಸೌದೆಯೊಳಗೆ ಕಳ್ಳನಂತೆ ಕುಳಿತಿದೆ. ಈಗ ಕಡಿದ ಮರದ ತೂಕದಲ್ಲಿ ಅರ್ಧದ ಹತ್ತಿರ ನೀರು. ಒಂದು ಕಿಲೋ ಹಸಿ ಸೌದೆಯೊಳಗಿನ ಅರ್ಧ ಕಿಲೋ ನೀರನ್ನು ಕಾಯಿಸಿ ಆವಿಮಾಡಲು ಮುನ್ನೂರಕ್ಕೂ ಹೆಚ್ಚು ಕಿಲೋಕ್ಯಾಲೊರಿ ಬೇಕು, ಅದು ನಿಮ್ಮ ಹಂಡೆಗೆ ಸೇರಬೇಕಾದ ಪಾಲು. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಬೆಂಕಿಯ ಉಷ್ಣತೆ ಕುಸಿದು, ಸೌದೆಯಿಂದ ಹೊರಟ ಅನಿಲಗಳು ಉರಿಯದೆ ಹೊಗೆಯಾಗಿ ಹೋಗುತ್ತವೆ. ಕಣ್ಣುರಿಸುವ ಹೊಗೆ ಎಂದರೆ ಉರಿಯದೆ ಉಳಿದ ಸೌದೆಯೇ. ಬೇಸಿಗೆಯಲ್ಲಿ ಸೀಳಿ, ಮಳೆ ತಾಗದ ಕೊಟ್ಟಿಗೆಯಲ್ಲಿ ಒಟ್ಟಿದ ಸೌದೆಯನ್ನು ಮುಂದಿನ ಸುಗ್ಗಿಗೆ ಉಪಯೋಗಿಸುವ ಮನೆಗಳಿವೆ. ಕಡಿದ ವಾರದಲ್ಲಿಯೇ ಸುಡುವ ಮನೆಗಳೂ ಇವೆ. ಎರಡನೆಯವರು ಒಂದೇ ಕೆಲಸಕ್ಕೆ ಹೆಚ್ಚು ಮರ ಕಡಿಯುತ್ತಾರೆ.

‘ಸೌದೆಗೆ ದುಡ್ಡು ಕೊಡಬೇಕೇ, ಬೆಟ್ಟ ನಮ್ಮದೇ’ ಎಂದು ಯಾರಾದರೂ ಹೇಳಬಹುದು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಸೊಪ್ಪಿನಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ಬಂದಿದೆ. ಅದು ಸೊಪ್ಪಿಗೂ ದರಕಿಗೂ ಗೊಬ್ಬರಕ್ಕೂ ಆಧಾರವಾಗಲೆಂದು ಇದ್ದದ್ದು. ಇಂದು ಎಷ್ಟು ಬೆಟ್ಟಗಳಲ್ಲಿ ಮರದ ನೆರಳು ಉಳಿದಿದೆ ಎಂದು ಇಲ್ಲಿರುವ ಹಿರಿಯರೇ ಹೇಳಬಲ್ಲರು. 2016ರ ಉಜ್ವಲ ಯೋಜನೆಯ ನಂತರ ಅಡುಗೆಗೆ ಗ್ಯಾಸು ಅನೇಕ ಮನೆಗಳಿಗೆ ಬಂದಿದೆ. ಬಚ್ಚಲಿನ ಹಂಡೆಗೂ ಅಡಿಕೆಯ ಹಂಡೆಗೂ ನಮ್ಮ ಕಡೆ ಸೌದೆಯೇ ಗತಿ.

ಬೆಟ್ಟದ ಮರ ಹೋದರೆ ಉಷ್ಣದ ಲೆಕ್ಕವೇ ಬದಲಾಗುತ್ತದೆ. ಎಲೆಯಿಂದ ಒಂದು ಲೀಟರ್ ನೀರು ಆವಿಯಾಗುವಾಗ ಸುತ್ತಲಿನಿಂದ ಸುಮಾರು 580 ಕಿಲೋಕ್ಯಾಲೊರಿ ಉಷ್ಣವನ್ನು ಹೀರುತ್ತದೆ. ಬಿಸಿಲಿನ ಶಕ್ತಿ ಹೀಗೆ ಆವಿಯ ರೂಪದಲ್ಲಿ ಅಡಗಿ ಮೇಲೇರುವುದರಿಂದ ಕಾಡಿನ ಕೆಳಗೆ ತಂಪು. ಬೋಳು ನೆಲದಲ್ಲಿ ಆವಿಯಾಗಲು ನೀರಿಲ್ಲ, ಅದೇ ಬಿಸಿಲು ನೆಲವನ್ನೂ ಗಾಳಿಯನ್ನೂ ಕಾಯಿಸುತ್ತದೆ. ತೋಟದ ಪಶ್ಚಿಮ ಮತ್ತು ನೈಋತ್ಯ ಅಂಚಿನ ಅಡಿಕೆ ಮರಗಳ ಕಾಂಡ ಸಂಜೆಯ ಮುಂಚಿನ ಬಿಸಿಲಿಗೆ ಬೆಂದು ಸೀಳುವುದನ್ನು ಕಂಡಿದ್ದೀರಿ. ಹಿಂದೆ ಆ ಬಿಸಿಲನ್ನು ಬೆಟ್ಟದ ಮರಗಳು ತಡೆಯುತ್ತಿದ್ದವು. ಈಗ ಕಾಂಡಕ್ಕೆ ಸೋಗೆ ಕಟ್ಟುತ್ತೇವೆ, ಸುಣ್ಣ ಬಳಿಯುತ್ತೇವೆ. ಬಿಳಿ ಬಣ್ಣ ವಿಕಿರಣವನ್ನು ಹಿಂದಿರುಗಿಸುತ್ತದೆ, ವಿಜ್ಞಾನ ಸರಿಯೇ. ಮರದ ಕೆಲಸವನ್ನು ಸುಣ್ಣದಿಂದ ಮಾಡಿಸುತ್ತಿದ್ದೇವೆ, ಅಷ್ಟೇ.

ಕೊನೆಯದಾಗಿ, ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹಾಳೆಯ ಗೂಡು ಕಟ್ಟುವವರಿಗೆ ಒಂದು ಸೂಚನೆ. ನೀರಾವಿ ಗಾಳಿಗಿಂತ ಹಗುರ. ಒದ್ದೆ ಗಾಳಿ ಭಾರವೆಂದು ನಮಗೆ ಅನಿಸುತ್ತದೆ, ವಸ್ತುಸ್ಥಿತಿ ಅದಕ್ಕೆ ವಿರುದ್ಧ. ಬಿಸಿಯೂ ತೇವವೂ ಆದ ಗಾಳಿ ಗೂಡಿನ ನೆತ್ತಿಯಲ್ಲಿ ಸೇರುತ್ತದೆ. ಆದ್ದರಿಂದ ಹೊರಕಿಂಡಿ ಮೇಲಿರಬೇಕು, ಒಣ ಗಾಳಿಯ ಒಳಕಿಂಡಿ ನೆಲದ ಹತ್ತಿರ ಇರಬೇಕು. ಬಿಸಿ ಹೊರಹೋಗಬಾರದೆಂದು ಎಲ್ಲ ಕಡೆ ಮುಚ್ಚಿದ ಗೂಡಿನಲ್ಲಿ ನೀರು ಹಾಳೆಗೆ ತಾಗಿ ಹನಿಯಾಗಿ ಅಡಿಕೆಯ ಮೇಲೆಯೇ ತೊಟ್ಟಿಕ್ಕುತ್ತದೆ, ಬೂಷ್ಟು ಹಿಡಿಯುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಮನೆಯ ಬಚ್ಚಲಿನ ಹಂಡೆಗೆ ಎಷ್ಟು ಕೊಡ ನೀರು ಹಿಡಿಯುತ್ತದೆಂದು ಎಣಿಸಿ. ಒಂದು ವಾರ ಪ್ರತಿದಿನ ಒಲೆಗೆ ಹಾಕುವ ಸೌದೆಯನ್ನು ತೂಕದ ಕೊಕ್ಕೆಗೆ ಕಟ್ಟಿ ತೂಗಿ ಬರೆಯಿರಿ. ಮರುವಾರ ಹಂಡೆಗೆ ಮುಚ್ಚಳ ಹಾಕಿ, ಒಲೆಯ ಸಂದನ್ನು ಮಣ್ಣಿನಿಂದ ಕಿರಿದುಮಾಡಿ, ಒಣಗಿದ ಸೌದೆಯನ್ನೇ ಹಾಕಿ ಮತ್ತೆ ತೂಗಿ. ಎರಡೂ ವಾರ ನೀರು ಒಂದೇ ಅಳತೆಯದಾಗಿರಲಿ, ಒಂದೇ ಬಿಸಿಗೆ ಬರಲಿ, ಸ್ನಾನ ಮಾಡುವವರ ಸಂಖ್ಯೆಯೂ ಸಮನಾಗಿರಲಿ. ನೆಂಟರು ಬಂದ ದಿನದ ಅಂಕಿಯನ್ನು ಬೇರೆ ಬರೆಯಿರಿ. ಮುಂದಿನ ಶಿಬಿರಕ್ಕೆ ಬರುವಾಗ ಆ ಹಾಳೆಯನ್ನು ತನ್ನಿ, ಎಲ್ಲ ಮನೆಗಳ ಅಂಕಿಗಳನ್ನು ಇದೇ ಕರಿಹಲಗೆಯ ಮೇಲೆ ಕೂಡಿಸಿ ನೋಡೋಣ. ಈಗ ಪ್ರಶ್ನೆಗಳಿದ್ದರೆ ಕೇಳಬಹುದು.